ಚಿಕ್ಕ ಆಟ ಚಿಕ್ಕದಾಗೇ ಇರಲಿ

ಗೇಮ್ ಬಾಯ್‌ನ ಪರದೆಯ ಅಗಲ ಸುಮಾರು 4.7 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದ ಉದ್ದ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಆ ಯಂತ್ರವನ್ನು ಕೈಯಲ್ಲಿ ಹಿಡ್ಕೊಂಡು, ತಲೆ ಬಗ್ಗಿಸಿ, ಮೂಲೆಯಲ್ಲಿ ಕೂತು ಆಡಬೇಕಿತ್ತು. ಈಗ ಅದೇ ಆಟಗಳನ್ನು ವಿಆರ್ ಹೆಡ್‌ಸೆಟ್‌ನೊಳಗೆ ಎಮ್ಯುಲೇಟರ್ ಹಾಕಿ ಆಡಬಹುದು. ನಮ್ಮ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು ಸೆಕೆಂಡ್ ಹ್ಯಾಂಡ್ ಹೆಡ್‌ಸೆಟ್ ತಂದಾಗಿನಿಂದ ಶನಿವಾರ ರಾತ್ರಿ ಅವರ ರೂಮಿನ ಮುಂದೆ ಕ್ಯೂ ಇರುತ್ತೆ. ಹೆಡ್‌ಸೆಟ್ ಹಾಕಿಕೊಂಡವರೆಲ್ಲ ಮೊದಲು ಮಾಡೋ ಕೆಲಸ ಒಂದೇ: ಆಟದ ಕಿಟಕಿಯನ್ನು ಹಿಡಿದು ಎಳೆದು ಎಳೆದು ಸಿನಿಮಾ ಟಾಕೀಸಿನ ಪರದೆಯಷ್ಟು ಮಾಡೋದು. ಸುತ್ತ ನಿಂತವರೂ "ಇನ್ನೂ ದೊಡ್ಡದ ಮಾಡಲೇ" ಅಂತ ಹುರಿದುಂಬಿಸೋದು.

ಇದು ವಿಆರ್‌ನ ಸರಿಯಾದ ಬಳಕೆ ಅಲ್ಲ ಅಂತ ನನ್ನ ವಾದ. ದೊಡ್ಡ ಪರದೆ ಬೇಕಾದರೆ ಸೆಮಿನಾರ್ ಹಾಲ್‌ನಲ್ಲಿ ಪ್ರೊಜೆಕ್ಟರ್ ಇದೆ. ಪ್ರೊಜೆಕ್ಟರ್, ಮೊಬೈಲ್, ಲ್ಯಾಪ್‌ಟಾಪ್ ಯಾವುದೂ ಕೊಡಲಾಗದ ಎರಡು ವಸ್ತುಗಳನ್ನು ಹೆಡ್‌ಸೆಟ್ ಕೊಡುತ್ತೆ. ಒಂದು ನಿಜವಾದ ಅಳತೆ, ಇನ್ನೊಂದು ಆಳ. ಹಳೇ ಕೈಯಾಟಗಳಿಗೆ ಬೇಕಾಗಿರೋದೂ ಇವೆರಡೇ.

ಮೊದಲು ಎಮ್ಯುಲೇಟರ್ ಅಂದ್ರೆ ಏನು ಅಂತ ಫಸ್ಟ್ ಇಯರ್‌ನವರಿಗಾಗಿ ಎರಡು ಮಾತು. ಗೇಮ್ ಬಾಯ್ ಆಟವನ್ನು ಬರೆದಿರೋದು ಗೇಮ್ ಬಾಯ್‌ನ ಪ್ರೊಸೆಸರ್‌ಗೆ. ನಮ್ಮ ಮೊಬೈಲ್‌ಗೆ ಆ ಭಾಷೆ ತಿಳಿಯಲ್ಲ. ಎಮ್ಯುಲೇಟರ್ ಅನ್ನೋ ಪ್ರೋಗ್ರಾಂ ನಮ್ಮ ಯಂತ್ರಕ್ಕೆ ಹಳೇ ಯಂತ್ರದ ವೇಷ ಹಾಕಿಸುತ್ತೆ. ಪ್ರೊಸೆಸರ್, ಮೆಮೊರಿ, ಬಟನ್, ಸ್ಪೀಕರ್ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲಿ ಕಟ್ಟಿ, ಆಟಕ್ಕೆ "ನೀನು ಇನ್ನೂ ಅದೇ ಡಬ್ಬಿಯೊಳಗೆ ಇದ್ದೀಯ" ಅಂತ ನಂಬಿಸುತ್ತೆ. ಪಾರಿಜಾತ ಬಯಲಾಟದಲ್ಲಿ ಗಂಡಸು ಸತ್ಯಭಾಮೆ ಆಗ್ತಾನಲ್ಲ, ಹಾಗೇ. ವೇಷ ಚೆನ್ನಾಗಿದ್ದರೆ ಕೃಷ್ಣನಿಗೂ ಅನುಮಾನ ಬರಲ್ಲ.

ಈ ವೇಷದಲ್ಲಿ ಬಿಟ್ಟುಹೋಗೋದು ಅಳತೆ. ನಮ್ಮೂರು ಮಹಾಕೂಟದ ಹತ್ತಿರ ಇರೋದರಿಂದ ಅಲ್ಲಿನ ಉದಾಹರಣೆಯನ್ನೇ ಕೊಡ್ತೀನಿ. ಫೋನಿನಲ್ಲಿ ಫೋಟೊ ನೋಡಿ ಬಂದ ಪ್ರವಾಸಿಗರು ವಿಷ್ಣು ಪುಷ್ಕರಣಿಯ ಹತ್ತಿರ ನಿಂತು "ಇಷ್ಟು ಸಣ್ಣ ಗುಡಿಗಳಾ?" ಅಂತ ಕೇಳೋದನ್ನು ನಾನೇ ಕೇಳಿದ್ದೀನಿ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳನ್ನು ಬಿಟ್ಟರೆ ಆ ಅಂಗಳದಲ್ಲಿ ಇರೋವು ಹೆಚ್ಚಿನವು ಪುಟ್ಟ ಗುಡಿಗಳು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಹಾಗಲ್ಲ, ಅದರ ಮುಂದೆ ನಾವು ಸಣ್ಣವರಾಗ್ತೀವಿ. ಆದರೆ ಫೋನಿನಲ್ಲಿ ಎರಡೂ ಆರೇ ಇಂಚು. ಮಹಾಕೂಟದ ಗುಡಿಯನ್ನು ಪಟ್ಟದಕಲ್ಲಿನಷ್ಟು ಹಿಗ್ಗಿಸಿ ತೋರಿಸಿದರೆ ಒಂದು ಕಲ್ಲೂ ಕಳೆಯಲ್ಲ, ಒಂದು ಗೆರೆಯೂ ಬದಲಾಗಲ್ಲ. ಆದರೂ ನೀವು ಮಹಾಕೂಟ ನೋಡಿದ ಹಾಗೆ ಆಗಲಿಲ್ಲ.

ಅಲ್ಲಿಂದಲೇ ಇನ್ನೊಂದು ಉದಾಹರಣೆ. ಚಾಲುಕ್ಯರ ಮಂಗಲೇಶನ ಕಾಲದ, ಸುಮಾರು 1400 ವರ್ಷ ಹಳೆಯ ಶಾಸನದ ಕಂಬ ಮಹಾಕೂಟದಲ್ಲಿತ್ತು. ಈಗ ಅದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಶಾಸನದ ಪಾಠ ಪುಸ್ತಕದಲ್ಲಿ ಅಚ್ಚಾಗಿದೆ, ಓದಬಹುದು. ಕಂಬವನ್ನೂ ವಿಜಯಪುರಕ್ಕೆ ಹೋಗಿ ನೋಡಬಹುದು. ಆದರೆ ಆ ಕಂಬ ಆ ಅಂಗಳದಲ್ಲಿ, ಆ ಗುಡಿಗಳ ಪಕ್ಕದಲ್ಲಿ ಎಷ್ಟು ಎತ್ತರ ಕಾಣ್ತಿತ್ತು ಅನ್ನೋದು ಈಗ ಊಹೆ ಮಾತ್ರ. ಆಟಗಳಲ್ಲೂ ಈ ಮೂರು ಬೇರೆ ಬೇರೆ. ರೋಮ್ ಫೈಲ್ ಅಂದ್ರೆ ಶಾಸನದ ಪಾಠ. ಪ್ಲಾಸ್ಟಿಕ್ ಯಂತ್ರ ಅಂದ್ರೆ ಕಂಬ. ಅದನ್ನು ಆಡಿದ ಕೈ, ದೂರ, ಅಳತೆ ಅಂದ್ರೆ ಅಂಗಳ. ಮಾಮೂಲಿ ಎಮ್ಯುಲೇಟರ್ ಪಾಠವನ್ನು ಉಳಿಸುತ್ತೆ. ಅಂಗಳವನ್ನು ಸ್ವಲ್ಪವಾದರೂ ವಾಪಸ್ ಕೊಡೋಕೆ ಆಗೋದು ವಿಆರ್‌ಗೆ ಮಾತ್ರ.

ಹೆಡ್‌ಸೆಟ್‌ನಲ್ಲಿ ಗೇಮ್ ಬಾಯ್ ಅನ್ನು ನಿಜವಾದ ಅಳತೆಯಲ್ಲಿ ತೋರಿಸೋಕೆ ಆಗುತ್ತಾ? ಲೆಕ್ಕ ಹಾಕೋಣ, ನಾವು ಇಂಜಿನಿಯರಿಂಗ್‌ನವರಲ್ವಾ. 4.7 ಸೆಂ.ಮೀ. ಅಗಲದ ಪರದೆಯನ್ನು ಕಣ್ಣಿನಿಂದ 30 ಸೆಂ.ಮೀ. ದೂರ ಹಿಡಿದರೆ ಅದು ಕಣ್ಣಿಗೆ ಸುಮಾರು 9 ಡಿಗ್ರಿ ಕೋನದಲ್ಲಿ ಕಾಣುತ್ತೆ. ಕ್ವೆಸ್ಟ್ 2 ಹೆಡ್‌ಸೆಟ್ ಒಂದು ಡಿಗ್ರಿಗೆ ಸುಮಾರು 20 ಪಿಕ್ಸೆಲ್ ಕೊಡುತ್ತೆ. ಅಂದ್ರೆ 180 ಪಿಕ್ಸೆಲ್. ಗೇಮ್ ಬಾಯ್‌ಗೆ ಅಡ್ಡಕ್ಕೆ ಬೇಕಾಗಿರೋದು 160. ಸಾಕು! ಅದೇ ಸೋನಿಯ ಪಿಎಸ್‌ಪಿಗೆ ಬಂದರೆ ಪರದೆ 9.5 ಸೆಂ.ಮೀ., ಕೋನ 18 ಡಿಗ್ರಿ, ಸಿಗೋದು 360 ಪಿಕ್ಸೆಲ್, ಬೇಕಾಗಿರೋದು 480. ಸಾಲಲ್ಲ. ಡಿಗ್ರಿಗೆ ಸುಮಾರು 25 ಪಿಕ್ಸೆಲ್ ಕೊಡೋ ಕ್ವೆಸ್ಟ್ 3ರಲ್ಲಿ 450 ಬರುತ್ತೆ, ಹತ್ತಿರ ಹತ್ತಿರ. ಅಂದ್ರೆ ಹಳೇ ಯಂತ್ರ ನಿಜವಾದ ಅಳತೆಯಲ್ಲಿ ಈಗಲೇ ಕೂರುತ್ತೆ, ಅದಕ್ಕಿಂತ ಹೊಸದಕ್ಕೆ ಇನ್ನೊಂದು ತಲೆಮಾರಿನ ಹೆಡ್‌ಸೆಟ್ ಬೇಕು.

ತೊಂದರೆಗಳೂ ಇವೆ, ಮುಚ್ಚಿಡಲ್ಲ. 160 ಪಿಕ್ಸೆಲ್‌ಗಳನ್ನು 180ರಲ್ಲಿ ಹಂಚೋವಾಗ ಕೆಲವು ಕಾಲಮ್ ದಪ್ಪ, ಕೆಲವು ತೆಳ್ಳಗೆ ಬರ್ತವೆ, ತಲೆ ಅಲ್ಲಾಡಿಸಿದರೆ ಅಂಚುಗಳು ಮಿನುಗ್ತವೆ. ಗೇಮ್ ಬಾಯ್ ಸೆಕೆಂಡಿಗೆ ಸುಮಾರು 59.7 ಚಿತ್ರ ಬಿಡುತ್ತೆ, ಹೆಡ್‌ಸೆಟ್ 72 ಅಥವಾ 90 ತೋರಿಸುತ್ತೆ. 72 ಆದರೆ ಪ್ರತಿ ಸೆಕೆಂಡಿಗೆ ಸುಮಾರು 12 ಚಿತ್ರಗಳು ಎರಡೆರಡು ಸಲ ಬರಬೇಕು. ಹಾಗಾಗಿ ಓಡೋ ದೃಶ್ಯ ಚೂರು ಎಡವುತ್ತೆ. ಕೈಯಲ್ಲಿ ಯಂತ್ರದ ಭಾರ ಇರಲ್ಲ, ಬಟನ್ ಒತ್ತಿದಾಗಿನ ಆ ಮೆತ್ತನೆ ರಬ್ಬರ್ ಸ್ಪರ್ಶ ಇರಲ್ಲ. ಇವುಗಳಲ್ಲಿ ಮೊದಲೆರಡು ಲೆಕ್ಕದ ಸಮಸ್ಯೆ, ಬಗೆಹರಿಯುತ್ತೆ. ಮೂರನೆಯದು ಬಗೆಹರಿಯೋದು ಕಷ್ಟ.

ಇನ್ನು ಆಳದ ವಿಷಯ. 2011ರಲ್ಲಿ ಬಂದ ನಿಂಟೆಂಡೊ 3ಡಿಎಸ್‌ನ ಮೇಲಿನ ಪರದೆ ಕನ್ನಡಕ ಇಲ್ಲದೇ ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸ್ತಿತ್ತು. ಒಂದೊಂದು ಕಣ್ಣಿಗೆ 400 ಪಿಕ್ಸೆಲ್ ಅಗಲದ ಚಿತ್ರ. ಪರದೆಯಲ್ಲೇ ಸಣ್ಣ ಸಣ್ಣ ತಡೆಗೆರೆಗಳು ಇದ್ದು, ಎಡಗಣ್ಣಿಗೆ ಬಲಗಣ್ಣಿನ ಚಿತ್ರ ಕಾಣದ ಹಾಗೆ ಮರೆ ಮಾಡ್ತಿದ್ದವು. ಕೈ ಸ್ವಲ್ಪ ವಾರೆ ಆದರೆ ಚಿತ್ರ ಎರಡೆರಡು ಕಾಣ್ತಿತ್ತು. ಬಹಳ ಜನ ಬೇಸರಪಟ್ಟು ಪಕ್ಕದ ಸ್ಲೈಡರ್ ಇಳಿಸಿ 3ಡಿ ಬಂದ್ ಮಾಡಿದರು. 2013ರಲ್ಲಿ ಕಂಪನಿಯೇ 3ಡಿ ಇಲ್ಲದ 2ಡಿಎಸ್ ತಂತು. ಆದರೆ ಆಟಗಳೊಳಗೆ ಆ ಆಳ ಹಾಗೇ ಇದೆ. ಸೂಪರ್ ಮಾರಿಯೊ 3ಡಿ ಲ್ಯಾಂಡ್‌ನಲ್ಲಿ ಕೆಲವು ಕೋಣೆಗಳಿವೆ. ಯಾವ ಇಟ್ಟಿಗೆ ಮುಂದೆ, ಯಾವುದು ಹಿಂದೆ ಅಂತ ಎರಡು ಕಣ್ಣಿನ ಚಿತ್ರ ಇದ್ದಾಗ ತಕ್ಷಣ ಕಾಣುತ್ತೆ. ಅದೇ ಆಟವನ್ನು ಮೊಬೈಲ್ ಎಮ್ಯುಲೇಟರ್‌ನಲ್ಲಿ ಆಡಿದರೆ ಆ ಕೋಣೆ ಬರೀ ಮೋಸ ಅನ್ಸುತ್ತೆ. 3ಡಿಎಸ್ ಎಮ್ಯುಲೇಟರ್ ಆದ ಸಿಟ್ರಾವನ್ನು ಹೆಡ್‌ಸೆಟ್‌ಗೆ ತಂದ ಸಿಟ್ರಾ ವಿಆರ್‌ನಲ್ಲಿ ಎಡಗಣ್ಣಿನ ಚಿತ್ರ ಎಡಗಣ್ಣಿಗೆ, ಬಲಗಣ್ಣಿನದು ಬಲಗಣ್ಣಿಗೆ ನೇರವಾಗಿ ಹೋಗುತ್ತೆ. ತಡೆಗೆರೆ ಬೇಡ, ಕೈ ವಾರೆ ಆಗೋ ಚಿಂತೆ ಇಲ್ಲ. ಆಟ ಮಾಡಿದವರು ಏನು ತೋರಿಸಬೇಕು ಅಂತಿದ್ರೋ ಅದು ಮೂಲ ಯಂತ್ರಕ್ಕಿಂತ ಸರಿಯಾಗಿ ಕಾಣುತ್ತೆ.

ಪಿಎಸ್‌ಪಿಯ ಕಥೆ ಬೇರೆ. ನಮ್ಮ ಮೊಬೈಲ್‌ಗಳಲ್ಲಿ ಎಲ್ಲರಿಗೂ ಗೊತ್ತಿರೋ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರ್ 2012ರಲ್ಲಿ ಬಂತು. ಹತ್ತು ವರ್ಷ ಆದಮೇಲೆ ಅದಕ್ಕೆ ವಿಆರ್ ಬೆಂಬಲವೂ ಸೇರಿತು. ಆದರೆ ಪಿಎಸ್‌ಪಿ ಆಟಗಳು ಒಂದೇ ಪರದೆಗೆ, ಒಂದೇ ಕಣ್ಣಿಗೆ ಅಂತ ಮಾಡಿದ್ದು. ಆಟ ತ್ರಿಕೋನಗಳ ಪಟ್ಟಿಯನ್ನು ಗ್ರಾಫಿಕ್ಸ್ ಚಿಪ್‌ಗೆ ಕಳಿಸೋವಾಗ ಎಮ್ಯುಲೇಟರ್ ಮಧ್ಯದಲ್ಲಿ ಹಿಡಿದು, ಕ್ಯಾಮೆರಾವನ್ನು ಚೂರು ಆಚೀಚೆ ಸರಿಸಿ ಎರಡು ಸಲ ಬಿಡಿಸುತ್ತೆ. ಮೊದಲ ಸಲ ನೋಡಿದಾಗ ಮೈ ಜುಂ ಅನ್ನುತ್ತೆ. ಆಮೇಲೆ ತಲೆ ಪಕ್ಕಕ್ಕೆ ತಿರುಗಿಸಿದರೆ ಅಲ್ಲಿ ಊರೇ ಇಲ್ಲ, ಖಾಲಿ. ಪರದೆಯ ಹೊರಗೆ ಇರೋದನ್ನು ಬಿಡಿಸೋ ಕೆಲಸವನ್ನು ಆಟ ಮಾಡೇ ಇರಲ್ಲ, ಪಾಪ ಅದಕ್ಕೆ ಯಾರಾದರೂ ತಿರುಗಿ ನೋಡ್ತಾರೆ ಅಂತ ಗೊತ್ತೇ ಇಲ್ಲ. ಆದ್ದರಿಂದ ನನ್ನ ಲೆಕ್ಕದಲ್ಲಿ 3ಡಿಎಸ್ ಆಟವನ್ನು ವಿಆರ್‌ನಲ್ಲಿ ಆಡೋದು ಬಿದ್ದ ಗುಡಿಯ ಅದೇ ಕಲ್ಲುಗಳನ್ನು ಮತ್ತೆ ಜೋಡಿಸಿದ ಹಾಗೆ. ಪಿಎಸ್‌ಪಿ ಆಟವನ್ನು ಒಳಗೆ ನುಗ್ಗಿ ಆಡೋದು ಗುಡಿಗೆ ಹೊಸ ಮಹಡಿ ಕಟ್ಟಿದ ಹಾಗೆ. ಎರಡೂ ಮಾಡಬಹುದು, ಆದರೆ ಎರಡನೆಯದನ್ನು ಜೀರ್ಣೋದ್ಧಾರ ಅಂತ ಕರೀಬಾರದು.

ಇದರಲ್ಲಿ ಮಜಾ ಇರೋದು ವರ್ಚುವಲ್ ಬಾಯ್ ವಿಷಯದಲ್ಲಿ. 1995ರಲ್ಲಿ ನಿಂಟೆಂಡೊ ತಂದ ಆ ಯಂತ್ರ ಟೇಬಲ್ ಮೇಲೆ ಇಟ್ಟು, ಬಗ್ಗಿ, ಮುಖ ಒಳಗಿಟ್ಟು ನೋಡೋ ಕೆಂಪು ಬಣ್ಣದ 3ಡಿ ಡಬ್ಬಿ. ಬಣ್ಣ ಕೆಂಪೊಂದೇ, ಕತ್ತು ನೋವು ಬೇರೆ. ಒಂದೇ ವರ್ಷದೊಳಗೆ ಮುಗಿದುಹೋಯ್ತು. ಒಟ್ಟು 22 ಆಟಗಳು ಬಂದಿದ್ದವು. ಅವುಗಳ ತಪ್ಪೇನೂ ಇರಲಿಲ್ಲ, ಹುಟ್ಟಿದ ಮನೆ ಸರಿ ಇರಲಿಲ್ಲ. ಇವತ್ತು ಹೆಡ್‌ಸೆಟ್‌ನಲ್ಲಿ ವರ್ಚುವಲ್ ಬಾಯ್ ಎಮ್ಯುಲೇಟರ್ ಹಾಕಿದರೆ ಕತ್ತು ನೆಟ್ಟಗೆ ಇಟ್ಟುಕೊಂಡು ಅವೇ ಆಟ ಆಡಬಹುದು. 2025ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ತಾನೇ ಆ ಹಳೇ ಆಟಗಳನ್ನು ಸ್ವಿಚ್ ಕನ್ಸೋಲ್‌ಗೆ ತರ್ತೀವಿ ಅಂತ ಘೋಷಿಸಿತು. ಅದಕ್ಕೂ ಬಹಳ ವರ್ಷ ಮೊದಲೇ ಎಮ್ಯುಲೇಟರ್ ಮಾಡೋ ಹವ್ಯಾಸಿಗಳು ಆ ಆಟಗಳನ್ನು ಕೈಬಿಡದೆ ನೋಡಿಕೊಂಡಿದ್ದರು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತೆ. "ಇದೆಲ್ಲಾ ಪೈರಸಿ ಅಲ್ವಾ?" ಎರಡನ್ನೂ ಬೇರೆ ಮಾಡಿ ನೋಡಬೇಕು. ಎಮ್ಯುಲೇಟರ್ ಬರೆಯೋದು ಕಳ್ಳತನ ಅಲ್ಲ. ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಕೇಸಿನಲ್ಲಿ 2000ನೇ ಇಸವಿಯಲ್ಲೇ ಅಮೆರಿಕದ ಮೇಲ್ಮನವಿ ಕೋರ್ಟ್ ಎಮ್ಯುಲೇಟರ್ ಮಾಡಿದವರ ಪರ ನಿಂತಿತ್ತು. ಆಟದ ಫೈಲ್ ಎಲ್ಲಿಂದ ಬಂತು ಅನ್ನೋದು ಬೇರೆ ಪ್ರಶ್ನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾನೂನುಬದ್ಧವಾಗಿ ಪ್ರತಿ ಹೊಂದಿದವರು ಪ್ರೋಗ್ರಾಮಿಗೆ ಬ್ಯಾಕಪ್ ಮಾಡಿಕೊಳ್ಳೋಕೆ ಅವಕಾಶ ಕೊಡುತ್ತೆ. 2012ರಲ್ಲಿ ಸೇರಿಸಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯೋದನ್ನು ಅಪರಾಧ ಅನ್ನುತ್ತೆ. ಯಾವುದೋ ಸೈಟಿನಿಂದ ಸಾವಿರ ಆಟ ಇಳಿಸಿಕೊಳ್ಳೋದಕ್ಕೆ ಈ ಎರಡೂ ಕಲಂ ರಕ್ಷಣೆ ಕೊಡಲ್ಲ. ನಾನೂ ಅದರ ಪರ ವಾದ ಮಾಡ್ತಿಲ್ಲ.

ಆದರೆ ಅಂಗಡಿಯೇ ಮುಚ್ಚಿದರೆ? 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಆಟ ಮಾರೋದನ್ನು 2023ರ ಮಾರ್ಚ್ 27ರಂದು ನಿಲ್ಲಿಸಿದರು. ಆ ಅಂಗಡಿಯಲ್ಲಿ ಮಾತ್ರ ಸಿಗ್ತಿದ್ದ ಆಟಗಳನ್ನು ಈಗ ದುಡ್ಡು ಕೊಡ್ತೀನಿ ಅಂದರೂ ಆ ಯಂತ್ರಕ್ಕೆ ಕೊಳ್ಳೋಕೆ ಆಗಲ್ಲ. ಅದೇ ವರ್ಷ ಜುಲೈನಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಪ್ರಕಟಿಸಿತು. ಅಮೆರಿಕದಲ್ಲಿ ಬಿಡುಗಡೆಯಾದ ಹಳೇ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲೇ ಇಲ್ಲ. 2024ರ ಮಾರ್ಚ್‌ನಲ್ಲಿ ನಿಂಟೆಂಡೊ ಹಾಕಿದ ಕೇಸಿನಿಂದ ಯುಜು ಎಮ್ಯುಲೇಟರ್ ತಂಡ 24 ಲಕ್ಷ ಡಾಲರ್ ಕೊಡೋಕೆ ಒಪ್ಪಿ ಬಾಗಿಲು ಹಾಕಿತು. ಜಗಳ ಇದ್ದದ್ದು ಇನ್ನೂ ಮಾರಾಟದಲ್ಲಿದ್ದ ಸ್ವಿಚ್ ಆಟಗಳ ಬಗ್ಗೆ. ಆದರೆ ಅದರ ಜೊತೆಗೇ ಸಿಟ್ರಾ ಕೂಡ ನಿಂತಿತು. ಕೋಡ್ ಮುಕ್ತವಾಗಿದ್ದರಿಂದ ಬೇರೆಯವರು ಮುಂದುವರಿಸಿದರು, ಇಲ್ಲದಿದ್ದರೆ ಆ 3ಡಿ ಕೋಣೆಗಳು ಹಳೇ ಯಂತ್ರಗಳು ಕೆಡೋವರೆಗೆ ಮಾತ್ರ ಬದುಕಿರ್ತಿದ್ದವು.

ಇಷ್ಟೆಲ್ಲಾ ಜಪಾನು, ಅಮೆರಿಕದ ಮಾತಾಯ್ತು. ನಮ್ಮ ಕಡೆಯ ಕೈಯಾಟ ಯಾವುದು? ನನ್ನ ಪ್ರಕಾರ ಬನಶಂಕರಿ ಜಾತ್ರೆಯ ಬ್ರಿಕ್ ಗೇಮ್. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯೋ ಆ ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆ, ಮಿಠಾಯಿ, ಬಳೆ ಅಂಗಡಿಗಳ ನಡುವೆ ಆಟಿಕೆ ಸಾಮಾನಿನ ಅಂಗಡಿಗಳು. ಅಲ್ಲಿಂದ ನಮ್ಮ ಅಣ್ಣ ತಂದ ಬ್ರಿಕ್ ಗೇಮ್ ಮೇಲೆ "9999 ಆಟ" ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಇದ್ದದ್ದು ಇಟ್ಟಿಗೆ ಜೋಡಿಸೋದು, ಹಾವು, ಕಾರು ಅಂತ ನಾಲ್ಕಾರು ಆಟ, ಉಳಿದದ್ದು ಅವೇ ಆಟಗಳ ವೇಗ ಬದಲಾವಣೆ. ಅಣ್ಣ ಈಗ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಬ್ರಿಕ್ ಗೇಮ್ ಮನೆಯ ಮಾಡದಲ್ಲಿದೆ, ಒಳಗೆ ಸೆಲ್ ಸೋರಿ ಹಸಿರು ಹಿಡಿದಿದೆ, ಪರದೆಯ ಅರ್ಧ ಭಾಗ ಮೂಡಲ್ಲ. ಅವ್ವ "ಒಗದ್ ಬಿಡ್ಲೇನು?" ಅಂತ ದೀಪಾವಳಿಗೊಮ್ಮೆ ಕೇಳ್ತಾಳೆ.

ಗೇಮ್ ಬಾಯ್ ಅನ್ನು ಉಳಿಸೋಕೆ ಜಗತ್ತಿನ ತುಂಬ ಜನ ಇದ್ದಾರೆ. ಹೆಸರಿಲ್ಲದ ಬ್ರಿಕ್ ಗೇಮ್‌ಗೆ ಯಾರಿದ್ದಾರೆ? ದಾರಿ ಇಲ್ಲ ಅಂತೇನಿಲ್ಲ. ಮೇಮ್ ಅನ್ನೋ ಮುಕ್ತ ಯೋಜನೆಯವರು ಇಂಥ ಎಲ್‌ಸಿಡಿ ಕೈಯಾಟಗಳ ಚಿಪ್‌ನ ಮೇಲ್ಪದರ ತೆಗೆದು, ಮೈಕ್ರೋಸ್ಕೋಪಿನಲ್ಲಿ ಫೋಟೊ ಹಿಡಿದು, ಒಳಗಿನ ಪ್ರೋಗ್ರಾಂ ಓದಿದ್ದಾರೆ. ಪರದೆಯ ಆಕಾರಗಳನ್ನು ಸ್ಕ್ಯಾನ್ ಮಾಡಿ ಒಂದೊಂದಾಗಿ ಬಿಡಿಸಿದ್ದಾರೆ. ಇಂಥ ಯಂತ್ರಕ್ಕೆ ಅಳತೆ ಇನ್ನೂ ಮುಖ್ಯ. ಬ್ರಿಕ್ ಗೇಮ್‌ನ ಇಟ್ಟಿಗೆಗಳ ಹಿಂದೆ ಒಂದು ಬೂದು ನೆರಳು ಬೀಳುತ್ತೆ, ಓರೆಯಾಗಿ ಹಿಡಿದರೆ ಆ ನೆರಳು ಸರಿಯುತ್ತೆ. ಗಾಜಿನ ಪದರ ಮತ್ತು ಹಿಂದಿನ ಹಾಳೆಯ ನಡುವಿನ ಚೂರು ಅಂತರದಿಂದ ಬರೋದು ಅದು. ಲ್ಯಾಪ್‌ಟಾಪ್‌ನಲ್ಲಿ ಅದು ಬರಲ್ಲ. ವಿಆರ್‌ನಲ್ಲಿ ಎರಡು ಪದರ ಮಾಡಿ, ಒಂದರ ಹಿಂದೆ ಒಂದು ಇಟ್ಟರೆ ಬರುತ್ತೆ. ನಮ್ಮ ಮೂರನೇ ಸೆಮಿಸ್ಟರ್‌ನವರೂ ಮಾಡಬಹುದಾದ ಕೆಲಸ.

ಇಲ್ಲೇ ನನ್ನ ತಕರಾರು ಇರೋದು. ನನಗೆ ಗೊತ್ತಿರೋ ಒಂದು ಲ್ಯಾಬಿನಲ್ಲಿ ಹೆಡ್‌ಸೆಟ್ ಇದೆ, ಕಪಾಟಿಗೆ ಬೀಗವೂ ಇದೆ. ಕೇಳಿದರೆ "ಗೇಮ್ ಆಡೋಕೆ ಕೊಡಲ್ಲ" ಅನ್ನೋ ಉತ್ತರ. ಇನ್‌ಸ್ಪೆಕ್ಷನ್ ದಿನ ಹೊರಗೆ ಬರುತ್ತೆ, ಸಂಜೆ ಮತ್ತೆ ಒಳಗೆ. ದುಬಾರಿ ಸಾಮಾನು, ಒಡೆದರೆ ಯಾರು ಜವಾಬ್ದಾರಿ ಅನ್ನೋ ಭಯ ನ್ಯಾಯವಾದದ್ದೇ. ಆದರೆ ಕೋನದ ಲೆಕ್ಕ, ಫ್ರೇಮ್ ದರದ ಹೊಂದಾಣಿಕೆ, ಪ್ರೊಸೆಸರ್ ಅನುಕರಣೆ, ಎರಡು ಕಣ್ಣಿನ ಗ್ರಾಫಿಕ್ಸ್ ಇವೆಲ್ಲ ಸಿಲೆಬಸ್‌ನಲ್ಲೇ ಇರೋ ವಿಷಯಗಳ ತಮ್ಮ-ತಂಗಿಯರು. ಬೀಗ ಹಾಕಿದ ಹೆಡ್‌ಸೆಟ್ ಒಡೆಯಲ್ಲ, ನಿಜ. ಬ್ಯಾಟರಿ ಮಾತ್ರ ಕಪಾಟಿನೊಳಗೂ ಹಳೇದಾಗುತ್ತೆ.

ಅದಕ್ಕೆ ನಮ್ಮ ಕನ್ನಡ ಸಂಘದ ಮುಂದೆ ಒಂದು ಸಲಹೆ ಇಡ್ತೀನಿ. ನಾನು ಆಡಿದ ಯಾವ ಕೈಯಾಟದಲ್ಲೂ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ನಾವೇ ಒಂದು ಮಾಡೋಣ. 2019ರಲ್ಲಿ ಬಂದ ಜಿಬಿ ಸ್ಟುಡಿಯೊ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಗೇಮ್ ಬಾಯ್ ಆಟವನ್ನು ಕೋಡಿಂಗ್ ಹೆಚ್ಚು ಬರದವರೂ ಕಟ್ಟಬಹುದು. ಸ್ವಂತ ಆಟ ಆದ್ದರಿಂದ ಪೈರಸಿ ಪ್ರಶ್ನೆಯೇ ಏಳಲ್ಲ. ಕಷ್ಟ ಇರೋದು ಅಕ್ಷರದಲ್ಲಿ. ಗೇಮ್ ಬಾಯ್ ಚಿತ್ರ ಕಟ್ಟೋದು 8×8 ಚುಕ್ಕೆಯ ಚೌಕಗಳಲ್ಲಿ. ಇಂಗ್ಲಿಷ್ ಅಕ್ಷರ ಅದರೊಳಗೆ ಕೂರುತ್ತೆ. ನಮ್ಮ "ಶ್ವ" ಕೂರಲ್ಲ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ನಾಲ್ಕು ಚೌಕ ಸೇರಿಸಿ 16×16 ಮಾಡಿದರೆ ಸಾಲಿಗೆ 10 ಅಕ್ಷರ, 9 ಸಾಲು. ವಿಡಿಯೋ ಮೆಮೊರಿಯಲ್ಲಿ ಒಟ್ಟು 384 ಚೌಕಗಳಿಗೆ ಜಾಗ, ಅಂದ್ರೆ ಚಿತ್ರವೇ ಇಲ್ಲದಿದ್ದರೂ 96 ಅಕ್ಷರ. ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ಒಂದು ಸಲಕ್ಕೆ ಅಷ್ಟರಲ್ಲೇ ಮುಗಿಸಬೇಕು. ಯಾವ ಪದ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಕೂತು ಆರಿಸೋ ಕೆಲಸಕ್ಕೆ ಕೋಡಿಂಗ್ ಬಂದರೆ ಸಾಲದು, ಕನ್ನಡ ಚೆನ್ನಾಗಿ ಬರೋರು ಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ ಈ ಸಂಘದ ಸಹಾಯ ಬೇಕಾಗೋದು ಅಲ್ಲೇ. "ಮಹಾಕೂಟೇಶ್ವರ" ಆರು ಅಕ್ಷರ, 96 ಚುಕ್ಕೆ ಅಗಲ, ಸಾಲಿನಲ್ಲಿ ಆರಾಮಾಗಿ ಕೂರುತ್ತೆ. ನಾನಾಗಲೇ ಗ್ರಾಫ್ ಹಾಳೆ ಮೇಲೆ ಬಿಡಿಸಿ ನೋಡಿದ್ದೀನಿ.

ಕಥೆಯೂ ಇದೆ: ಪುಷ್ಕರಣಿ ಸುತ್ತ ಗುಡಿಯಿಂದ ಗುಡಿಗೆ ಓಡಾಡಿ ಕಂಬ ಎಲ್ಲಿ ಹೋಯ್ತು ಅಂತ ಹುಡುಕೋ ಹುಡುಗಿ, ಕೊನೆಗೆ ವಿಜಯಪುರದ ಬಸ್ಸು ಹತ್ತೋದು. ಒಂದು ಸೆಮಿಸ್ಟರ್‌ನಲ್ಲಿ ಮುಗಿಯೋ ಕೆಲಸ. ರಾಜ್ಯೋತ್ಸವದ ದಿನ ಹೆಡ್‌ಸೆಟ್‌ನಲ್ಲಿ ಅದನ್ನು 4.7 ಸೆಂಟಿಮೀಟರ್ ಪರದೆಯಲ್ಲಿ, ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿ ಇಟ್ಟು ತೋರಿಸೋಣ. ಕಣ್ಣು ಮಂದ ಇರೋರಿಗೆ ದೊಡ್ಡದು ಮಾಡೋ ಬಟನ್ ಇರಲಿ, ಅದು ಅವರ ಹಕ್ಕು. ಉಳಿದವರು ಒಂದು ಸಲ ಚಿಕ್ಕದಾಗೇ ಆಡಿ ನೋಡಲಿ.

ಗ್ರಾಫ್ ಹಾಳೆ ನನ್ನ ಹತ್ತಿರ ಇದೆ. ಚಿತ್ರ ಬಿಡಿಸೋರು ಇಬ್ಬರು, ಕಾಗುಣಿತ ನೋಡೋರು ಒಬ್ಬರು, ಹಾಡು ಹಾಕೋರು ಒಬ್ಬರು ಬೇಕು. ಲ್ಯಾಬಿನ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆಯೋ ಆ ಸರ್ ಕೂಡ ಇದನ್ನು ಓದ್ತಾರೆ ಅಂತ ನಂಬಿದ್ದೀನಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ಸಾಕು ಸರ್.